ಚೌಕಿಗೆ ಮಜ್ಜಿಗೆ ಕಳಿಸಿ

ಕಲಾವಿದರು ಹೊತ್ತಿಗೆ ಸರಿಯಾಗಿ ಉಣ್ಣಬೇಕು, ನೀರು ಜಾಸ್ತಿ ಕುಡಿಯಬೇಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಒಪ್ಪಿದೆ. ಆದರೆ ಯಕ್ಷಗಾನ ಮೇಳದವರಿಗೆ ಹೊತ್ತು ಅನ್ನೋದು ಎಲ್ಲಿದೆ ಸ್ವಾಮಿ? ನವೆಂಬರಿನಿಂದ ಮೇ ತನಕ ರಾತ್ರಿ ಆಟ, ಹಗಲು ನಿದ್ದೆ. ವೇಷ ಕಟ್ಟಿ ಸೊಂಟ ಬಿಗಿದ ಮೇಲೆ ಮೂತ್ರಕ್ಕೆ ಹೋಗೋದು ಕಷ್ಟ ಅಂತ ಎಷ್ಟೋ ಜನ ನೀರೇ ಮುಟ್ಟೋದಿಲ್ಲ, ಇತ್ತ ಜಾಕೀಟಿನ ಒಳಗೆ ಬೆವರು ಇಳೀತಾನೇ ಇರುತ್ತೆ. ಚೌಕಿಯಲ್ಲಿ, ಅಂದ್ರೆ ಬಣ್ಣ ಹಚ್ಚಿ ವೇಷ ಕಟ್ಟುವ ಜಾಗದಲ್ಲಿ, ಸಿಗೋದು ಬರೀ ಚಹಾ. ಹೊಟ್ಟೆ ತುಂಬ ಉಂಡು ಧಿಗಿಣ (ಗಿರ್ರನೆ ಸುತ್ತುತ್ತಾ ಹಾರುವ ಕುಣಿತ) ಹಾಕೋಕಾಗಲ್ಲ, ಖಾಲಿ ಹೊಟ್ಟೆಯಲ್ಲಂತೂ ತಲೆ ಸುತ್ತುತ್ತೆ. ಬಣ್ಣಕ್ಕೆ ಕೂರುವ ಮೊದಲು ಗಂಜಿ, ಹೆಸರುಕಾಳು ಪಲ್ಯ, ಪ್ರವೇಶಗಳ ನಡುವೆ ಬಾಳೆಹಣ್ಣು, ಉಪ್ಪು ಹಾಕಿದ ಮಜ್ಜಿಗೆ ಗುಟುಕು ಗುಟುಕಾಗಿ ಕುಡಿದರೆ ಮೈ ತಡೆಯುತ್ತೆ. ಖರ್ಚು ಕೊಟ್ಟು ಆಟ ಆಡಿಸುವವರು ಹಾರ, ಶಾಲಿನ ಖರ್ಚು ಸ್ವಲ್ಪ ಕಡಿಮೆ ಮಾಡಿ ಚೌಕಿಗೆ ಇಷ್ಟು ಕಳಿಸಬಹುದಲ್ವಾ?