ಕೋಡ್ ಬರೆಯುವುದು ಉಪಕಸುಬು

ಔಟರ್ ರಿಂಗ್ ರೋಡಿನ ಯಾವ ಕಂಪನಿಯ ಜಾಹೀರಾತು ತೆಗೆದರೂ ಬೇಕಾಗಿರುವುದು ‘ಪ್ಯಾಷನ್’ ಇರುವ ಎಂಜಿನಿಯರ್. ಆದರೆ ಎಚ್‌ಆರ್ ಫೋನ್ ಮಾಡಿದಾಗ ಕೇಳುವುದು ಎರಡೇ: ಈಗಿನ ಸಿಟಿಸಿ (ಕಂಪನಿ ನಿಮ್ಮ ಮೇಲೆ ವರ್ಷಕ್ಕೆ ಹಾಕುವ ಒಟ್ಟು ಖರ್ಚು) ಎಷ್ಟು, ನೋಟಿಸ್ ಎಷ್ಟು ದಿನ? ಪ್ಯಾಷನ್ ತುಂಬಿಸಲು ಅವರ ಎಕ್ಸೆಲ್ ಶೀಟಿನಲ್ಲಿ ಕಾಲಂ ಇಲ್ಲ.

ಹಾಗಾಗಿ ಕುಸುರಿ ಕೆಲಸವೆಲ್ಲ ಕೆಲಸ ಬಿಡುವುದರಲ್ಲೇ ನಡೆಯುತ್ತದೆ. ಒಂದು ಆಫರ್ ಕೈಗೆ ಬಂದ ಮೇಲಷ್ಟೇ ಪೇಪರ್ ಹಾಕಬೇಕು, ಅಂದರೆ ರಾಜೀನಾಮೆ ಕೊಡಬೇಕು. ನೋಟಿಸ್, ಅಂದರೆ ಆಮೇಲೂ ದುಡಿಯಬೇಕಾದ ಅವಧಿ, 90 ದಿನ. ಮೊದಲ ತಿಂಗಳು ನಿಮ್ಮನ್ನು ಯಾರೂ ಮೂಸುವುದಿಲ್ಲ. ಎಲ್ಲರಿಗೂ ‘ಇಮ್ಮಿಡಿಯಟ್ ಜಾಯ್ನರ್’, ಕರೆದ ಕೂಡಲೇ ಸೇರುವವನು, ಬೇಕು. 60 ದಿನ ಕಳೆಯಲಿ, ಆ ಇಮ್ಮಿಡಿಯಟ್ ನೀವೇ! ಆಗ ಮೊದಲ ಆಫರನ್ನು ಎರಡನೆಯವರಿಗೆ, ಎರಡನೆಯದನ್ನು ಮೂರನೆಯವರಿಗೆ ತೋರಿಸುತ್ತ ಹೋಗಬೇಕು. ಎಡವುವವರು ಎಡವುವುದು ಇಲ್ಲಿ: ಉಳಿಸಿಕೊಳ್ಳಲು ಹಳೆಯ ಕಂಪನಿ ಸಂಬಳ ಏರಿಸಿ ಕೊಡುವ ಕೌಂಟರ್ ಆಫರಿಗೆ ಕರಗಿ ಉಳಿದುಕೊಂಡರೆ ಮುಂದಿನ ಅಪ್ರೈಸಲ್‌ನಲ್ಲಿ ‘ಆಗಲೇ ಕೊಟ್ಟಿದ್ದೀವಲ್ಲ’ ಎಂಬ ಉತ್ತರ. ಜಾಯ್ನಿಂಗ್ ಬೋನಸ್ಸನ್ನು ಕಾರಿನ ಮುಂಗಡಕ್ಕೆ ಸುರಿದು ಹತ್ತನೇ ತಿಂಗಳಿಗೆ ಮತ್ತೆ ಹಾರಿದರೆ, ಕರಾರಿನಲ್ಲಿ ಒಂದು ವರ್ಷದ ಷರತ್ತಿದ್ದರೆ, ಅದನ್ನು ವಾಪಸ್ ಕಕ್ಕಬೇಕು.

ಇಷ್ಟೆಲ್ಲ ಮಾಡಿ ಗಳಿಸಿದ ಸಿಟಿಸಿಯಾದರೂ ಕನ್ನಡಿಯೊಳಗಿನ ಗಂಟು. 24 ಲಕ್ಷ ಎಂದುಕೊಳ್ಳಿ. ಭಾಗಿಸು 12, ತಿಂಗಳಿಗೆ 2 ಲಕ್ಷ ಎಂದು ಭಾವೀ ಮಾವನವರಿಗೆ ಹೇಳಿಯೂ ಆಗಿರುತ್ತದೆ. ಬೇಸಿಕ್ ಅದರಲ್ಲಿ ಅರ್ಧ, 12 ಲಕ್ಷ. ಅದರ ಶೇ. 12, ಅಂದರೆ 1.44 ಲಕ್ಷ, ಕಂಪನಿಯ ಪಾಲಿನ ಪಿಎಫ್. ಅಷ್ಟೇ ಮೊತ್ತ ನಿಮ್ಮ ಪಾಲಿನದು. ವೇರಿಯಬಲ್, ಅಂದರೆ ಕೆಲಸ ನೋಡಿ ಕೊಡುವ ಭಾಗ, ಸಿಟಿಸಿಯ ಶೇ. 10 ಎಂದರೆ 2.4 ಲಕ್ಷ, ಅದು ಮ್ಯಾನೇಜರನ ಮನಸ್ಸು, ಮಳೆ ಇದ್ದ ಹಾಗೆ. ಬೇಸಿಕ್‌ನ ಶೇ. 4.81, ಅಂದರೆ 57,720 ರೂಪಾಯಿ, ಗ್ರಾಚ್ಯುಯಿಟಿ. ತೆರಿಗೆ ಇನ್ನೂ ಬಾಯಿ ಹಾಕಿಲ್ಲ, ಆಗಲೇ ತಿಂಗಳ ಲೆಕ್ಕ ಸುಮಾರು 1.51 ಲಕ್ಷಕ್ಕೆ ಇಳಿದಿದೆ. ಗ್ರಾಚ್ಯುಯಿಟಿಯ ತಮಾಷೆ ಬೇರೆ: ಕಾಯಂ ನೌಕರ ಬಿಟ್ಟುಹೋಗುವಾಗ ಅದು ಸಿಗಬೇಕಾದರೆ 5 ವರ್ಷ ಸೇವೆ ಆಗಿರಬೇಕು. ಎರಡು ವರ್ಷಕ್ಕೊಮ್ಮೆ ಹಾರುವವನ ಸಂಬಳದಲ್ಲಿ ಅದನ್ನು ಎಣಿಸಿದ ಎಚ್‌ಆರ್ ನಿಜವಾದ ಕಲಾವಿದ.

ಕೋಡ್? ಅದೂ ನಡೆದಿದೆ. ಟೆಸ್ಟ್ ಕವರೇಜ್ ಶೇ. 80 ದಾಟದಿದ್ದರೆ ಬಿಲ್ಡ್ (ಕೋಡ್‌ನಿಂದ ಕಟ್ಟಿದ ಸಾಫ್ಟ್‌ವೇರ್) ಮುಂದೆ ಹೋಗುವುದಿಲ್ಲ ಎಂಬ ನಿಯಮವಿದೆ. ಕವರೇಜ್ ಅಳೆಯುವುದು ಟೆಸ್ಟ್ ನಡೆದಾಗ ಕೋಡ್‌ನ ಎಷ್ಟು ಸಾಲು ಓಡಿತು ಎಂಬುದನ್ನು, ಉತ್ತರ ಸರಿಯೇ ಎಂಬುದನ್ನಲ್ಲ. ಆದ್ದರಿಂದ ರೀಫಂಡ್ ಫಂಕ್ಷನ್ನನ್ನು ಟೆಸ್ಟ್ ಒಮ್ಮೆ ಕರೆಯುತ್ತದೆ, ಒಂದೂ ಅಸರ್ಟ್ (ಉತ್ತರ ಸರಿಯೇ ಎಂದು ನೋಡುವ ಸಾಲು) ಹಾಕದೆ ಸುಮ್ಮನಾಗುತ್ತದೆ. 1,000 ರೂಪಾಯಿಗೆ 100 ವಾಪಸ್ ಹೋದರೂ ಹಸಿರು ದೀಪ. ನಡುವೆ ಎರರ್ ಬಂದರೆ ಎರರ್ ಹಿಡಿಯಲೆಂದು ಬರೆದು ಒಳಗೆ ಏನೂ ಹಾಕದ ಖಾಲಿ ಕ್ಯಾಚ್ ಬ್ಲಾಕ್ ನುಂಗಿಕೊಳ್ಳುತ್ತದೆ. ನಡೆದದ್ದನ್ನು ದಾಖಲಿಸುವ ಲಾಗ್‌ನಲ್ಲಿ ಒಂದಕ್ಷರ ಇರುವುದಿಲ್ಲ. 1,400 ಸಾಲಿನ ಬದಲಾವಣೆಗೆ ರಿವ್ಯೂ ಮಾಡಿದವನು ಎರಡು ನಿಮಿಷದಲ್ಲಿ ಹೆಬ್ಬೆರಳು ಎತ್ತಿರುತ್ತಾನೆ, ಪಾಪ, ಅವನಿಗೆ ಮೂರು ಗಂಟೆಗೆ ಬೇರೆ ಕಡೆ ಇಂಟರ್‌ವ್ಯೂ.

ಇದನ್ನೆಲ್ಲ ಕುಳಿತು ಸರಿಪಡಿಸುವವಳೂ ಟೀಮಿನಲ್ಲಿ ಒಬ್ಬಳಿರುತ್ತಾಳೆ. ಅವಳಿಗೆ ಸಭೆಯಲ್ಲಿ ಚಪ್ಪಾಳೆ, ಒಂದು ಬ್ಯಾಡ್ಜ್, ಒಂದಂಕಿಯ ಹೈಕ್. ಅವಳ ಜಾಗಕ್ಕಿಂತ ಕೆಳಗೆ ಹೊಸದಾಗಿ ಸೇರಿದವನ ಸಂಬಳ ಅವಳಿಗಿಂತ ಜಾಸ್ತಿ.

ಅವಳೂ ಮೊನ್ನೆ ಪೇಪರ್ ಹಾಕಿದಳು. ಕೆಟಿ ಕೊಡಲು, ಅಂದರೆ ತನ್ನ ಕೆಲಸವನ್ನು ಇನ್ನೊಬ್ಬನಿಗೆ ಕಲಿಸಿಕೊಡಲು, ಹತ್ತು ದಿನ ಗೊತ್ತುಮಾಡಿದ್ದಾರೆ. ಎದುರು ಕುಳಿತು ತಲೆಯಾಡಿಸುತ್ತಿರುವವನ ನೋಟಿಸ್ ಅವಳದಕ್ಕಿಂತ ಒಂದು ವಾರ ಮೊದಲೇ ಮುಗಿಯುತ್ತದೆ.