ಸೊಪ್ಪು ಬಿಡಬೇಕಿಲ್ಲ

ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತಗೊಳ್ಳುವವರು ಸೊಪ್ಪು ಮುಟ್ಟಲೇಬಾರದು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅಷ್ಟು ಕಟ್ಟುನಿಟ್ಟು ಬೇಕಿಲ್ಲ. ನಮ್ಮಮ್ಮನಿಗೆ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಬಡಿತ ತಾಳ ತಪ್ಪುವ ತೊಂದರೆ ಇದೆ. ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಹೃದಯದ ಮೈಟ್ರಲ್ ಕವಾಟವೂ ಕಿರಿದಾಗಿದೆ. ಅದಕ್ಕೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೊಸ ಮಾತ್ರೆ ಬೇಡ, ವಾರ್ಫರಿನ್ನೇ ಇರಲಿ ಎಂದರು ಡಾಕ್ಟರು. ಮೊದಲ ವರ್ಷ ಹೆದರಿ ಬಸ್ಸಾರನ್ನೇ ನಿಲ್ಲಿಸಿಬಿಟ್ಟಿದ್ದೆವು. ಆಮೇಲೆ ಊರಿಗೆ ಹೋದಾಗ ಅಮ್ಮ ಒಂದು ವಾರ ನುಗ್ಗೆಸೊಪ್ಪು, ಪಾಲಕ್ ಅಂತ ಚೆನ್ನಾಗಿ ತಿಂದರು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತೋರಿಸುವ ಐಎನ್‌ಆರ್ 2.4ರಿಂದ 1.5ಕ್ಕೆ ಇಳಿಯಿತು, ಅಂದರೆ ಮಾತ್ರೆಯ ಪರಿಣಾಮ ಕಮ್ಮಿಯಾಯಿತು. ಅವರಿಗೆ ಇರಬೇಕಾದ್ದು 2ರಿಂದ 3. ಸೊಪ್ಪಿನಲ್ಲಿರುವ, ರಕ್ತ ಹೆಪ್ಪುಗಟ್ಟಲು ನೆರವಾಗುವ ವಿಟಮಿನ್ ಕೆ ಒಮ್ಮೆಲೇ ಏರಿಳಿದರೆ ತೊಂದರೆ, ಅಲ್ವಾ? ಪ್ರತಿ ವಾರ ಒಂದೇ ಅಳತೆಯಲ್ಲಿ ತಿಂದರೆ ಡೋಸ್ ಅದಕ್ಕೆ ಹೊಂದಿಸುತ್ತಾರೆ. ಈಗ ವಾರಕ್ಕೆರಡು ಸಲ ಬಸ್ಸಾರು. ರಾತ್ರಿ ಎಂಟಕ್ಕೆ ಮಾತ್ರೆ ನುಂಗಿ ಕ್ಯಾಲೆಂಡರಿನಲ್ಲಿ ಅವರೇ ಗೀಟು ಹಾಕುತ್ತಾರೆ. ಸೊಪ್ಪಿಗಿಂತ, ಮಂಡಿನೋವಿಗೆ ಡಾಕ್ಟರನ್ನು ಕೇಳದೆ ಸುಮ್ನೆ ಅಂಗಡಿಯಿಂದ ನೋವಿನ ಮಾತ್ರೆ ತರಿಸಿ ನುಂಗುವುದು ಜಾಸ್ತಿ ಅಪಾಯ, ರಕ್ತಸ್ರಾವ ಆಗಬಹುದು. ಅದನ್ನೂ ಸೇರಿಸಿ.