ಐದು ಅಂಕಗಳ ಭಾರತ

ಮಂಡ್ಯ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಭೂಗೋಳವನ್ನು ಹೇಗೆ ಕಲಿಸುತ್ತಾರೆಂಬುದನ್ನು ಹಿಂದಿನ ಬೆಂಚಿನಲ್ಲಿ ಕುಳಿತು ಕಣ್ಣಾರೆ ಕಂಡು ಬಂದ ಮೇಲೆ, ನಮ್ಮ ಶಿಕ್ಷಣ ವ್ಯವಸ್ಥೆಗೆ ದೂರದೃಷ್ಟಿಯಿಲ್ಲವೆಂಬ ನನ್ನ ಹಳೆಯ ದೂರನ್ನು ಹಿಂದಕ್ಕೆ ಪಡೆದಿದ್ದೇನೆ. ಸಟ್ಲೆಜ್ ನದಿಯ ಭಾಕ್ರಾ, ಮಹಾನದಿಯ ಹಿರಾಕುಡ್ ಅಣೆಕಟ್ಟುಗಳು ಅಲ್ಲಿನ ಮಕ್ಕಳಿಗೆ ನಿಚ್ಚಳವಾಗಿ ಕಾಣುತ್ತವೆ. ಶಾಲೆಯ ಹಿಂಗೋಡೆಯ ಬುಡದಲ್ಲೇ ಹರಿಯುವ ವಿಶ್ವೇಶ್ವರಯ್ಯ ನಾಲೆಯ ಕವಲು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಹತ್ತನೆಯ ತರಗತಿಯ ಕೊಠಡಿಯಲ್ಲಿ ಎರಡು ನಕ್ಷೆಗಳಿದ್ದವು. ಗೋಡೆಯ ಮೇಲಿದ್ದದ್ದು ಭಾರತದ ರಾಜಕೀಯ ನಕ್ಷೆ. ಅದರಲ್ಲಿ ತೆಲಂಗಾಣ ಇನ್ನೂ ಹುಟ್ಟಿರಲಿಲ್ಲವಾದ್ದರಿಂದ 2014ಕ್ಕಿಂತ ಹಿಂದಿನದೆಂದು ತಿಳಿಯಿತು. ಇನ್ನೊಂದು, ಮೇಷ್ಟರು ಜೇಬಿನಲ್ಲಿಟ್ಟುಕೊಂಡು ಓಡಾಡುವ ಪ್ರಶ್ನೆಪತ್ರಿಕೆಯ ನೀಲನಕ್ಷೆ. ಪಾಠ ನಡೆಯುವುದು ಈ ಎರಡನೆಯದರ ಪ್ರಕಾರ. ನೀಲನಕ್ಷೆಯಲ್ಲಿ ದಿಕ್ಕುಗಳಿಲ್ಲ, ಮಾಪಕವೂ ಇಲ್ಲ, ಇರುವುದು ಅಂಕಗಳು. ಅದರ ಲೆಕ್ಕದಲ್ಲಿ ಭಾರತವು ಐದು ಅಂಕಗಳ ದೇಶ: ಗಡಿರೇಖೆ ಬರೆದದ್ದಕ್ಕೆ ಒಂದು, ಕೇಳಿದ ನಾಲ್ಕು ಸ್ಥಳಗಳನ್ನು ಗುರುತಿಸಿದ್ದಕ್ಕೆ ನಾಲ್ಕು. ಪಾಸಾಗುವಷ್ಟನ್ನೇ ಕಲಿಸುವ ಪಾಸಿಂಗ್ ಪ್ಯಾಕೇಜಿನ ಮಕ್ಕಳು ಮೊದಲು ಕೆಳಮುಖದ ಒಂದು ತ್ರಿಕೋನ ಎಳೆದು, ಅದರ ಎಡಗಡೆಗೆ ಗುಜರಾತಿನ ಮೂಗು ಅಂಟಿಸಿ, ನಡುವೆ 23½° ಉತ್ತರ ಅಕ್ಷಾಂಶದ ಅಡ್ಡಗೆರೆಯನ್ನೂ 82½° ಪೂರ್ವ ರೇಖಾಂಶದ ಉದ್ದಗೆರೆಯನ್ನೂ ಹಾಕಿ, ಮೂರು ನಿಮಿಷದಲ್ಲಿ ದೇಶ ಕಟ್ಟಿ ಮುಗಿಸುತ್ತಾರೆ. ದೇಶದ ಗಡಿಯಾರಕ್ಕೆ ಆಧಾರವಾದ ಆ ಉದ್ದಗೆರೆಯಿಂದ ನಾವು ಪಶ್ಚಿಮಕ್ಕಿರುವುದರಿಂದಲೇ, ಗಡಿಯಾರದ ಹನ್ನೆರಡಕ್ಕಿಂತ ಸರಾಸರಿ 22 ನಿಮಿಷ ತಡವಾಗಿ ಮಂಡ್ಯದಲ್ಲಿ ನಡುಹಗಲಾಗುತ್ತದೆ. ಆಟದ ಬಯಲಿನಲ್ಲಿ ಒಂದು ಕೋಲು ನೆಟ್ಟು ನೆರಳು ಅಳೆದರೆ ಇದು ತಿಳಿಯುತ್ತದೆ. ಆದರೆ ಕೋಲಿಗೆ ಅಂಕವಿಲ್ಲ.

ಮಕ್ಕಳನ್ನು ಹೊರಗೆ ಕರೆದೊಯ್ಯುವುದೇ ಇಲ್ಲವೆಂದರೆ ಅನ್ಯಾಯವಾದೀತು. ಕಳೆದ ವರ್ಷ ಶಾಲೆಯ ಪ್ರವಾಸ ಕನ್ನಂಬಾಡಿ ಕಟ್ಟೆಗೇ (ಕೆಆರ್‌ಎಸ್) ಹೋಗಿತ್ತು. ಬಸ್ಸು ಹೊರಟದ್ದು ತಡವಾಗಿ, ಬೃಂದಾವನ ತಲುಪುವಷ್ಟರಲ್ಲಿ ಕತ್ತಲಾಗಿತ್ತು. ಮಕ್ಕಳು ಹಾಡಿಗೆ ಕುಣಿಯುವ ಬಣ್ಣದ ನೀರನ್ನು ನೋಡಿ, ಚುರುಮುರಿ ತಿಂದು ಮರಳಿದರು. 1911ರಲ್ಲಿ ಕೆಲಸ ಶುರುವಾಗಿ ಎರಡು ದಶಕ ಹಿಡಿದ ಆ ಕಟ್ಟೆ, ಹೇಮಾವತಿ, ಲಕ್ಷ್ಮಣತೀರ್ಥಗಳನ್ನು ಕಾವೇರಿಯ ಜೊತೆ ತಡೆದು ನಿಲ್ಲಿಸಿರುವ ಕಟ್ಟೆ, ಅವರ ಪಾಲಿಗೆ ಕಾರಂಜಿಯ ಹಿಂದಿನ ಕಪ್ಪು ಗೋಡೆಯಷ್ಟೇ ಆಯಿತು. ಇನ್ನು ಹಿತ್ತಲಿನ ನಾಲೆಗೆ ಹೋಗಬೇಕಾದರೆ ಪೋಷಕರ ಒಪ್ಪಿಗೆ ಪತ್ರ, ಮುಖ್ಯೋಪಾಧ್ಯಾಯರ ಶಿಫಾರಸು, ಮೇಲಿನ ಕಚೇರಿಯ ಅನುಮತಿ ಎಲ್ಲವೂ ಬೇಕು. ಆ ಮಕ್ಕಳು ಬೆಳಿಗ್ಗೆ ಸಂಜೆ ನಾಲೆಯ ಏರಿಯ ಮೇಲೆಯೇ ನಡೆದು ಬರುತ್ತಾರೆಂಬುದು ಬೇರೆ ಮಾತು. ಅದು ಶಾಲಾ ಅವಧಿಯಲ್ಲ.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ "ನೀರಾವರಿ ಎಂದರೇನು? ಅದರ ವಿಧಗಳಾವುವು?" ಎಂಬ ಎರಡು ಅಂಕದ ಪ್ರಶ್ನೆಯಿತ್ತು. ನೀರಗಂಟಿಯ ಮಗನೊಬ್ಬ ಬರೆದ ಉತ್ತರವನ್ನು ಮೇಷ್ಟರೇ ನನಗೆ ನಗುತ್ತ ತೋರಿಸಿದರು. ನಮ್ಮೂರಿಗೆ ಮಳೆ ಕಡಿಮೆ, ಮಡಿಕೇರಿ ಕಡೆ ಮಳೆ ಹಿಡಿದರೆ ಕಟ್ಟೆ ತುಂಬುತ್ತದೆ, 124.80 ಅಡಿ ಮುಟ್ಟಿದರೆ ಭತ್ತ, ಮುಟ್ಟದಿದ್ದರೆ ರಾಗಿ. ನೀರನ್ನು ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ಸರದಿಯಂತೆ ಬಿಡುತ್ತಾರೆ. ಕೊನೆ ಭಾಗಕ್ಕೆ ಬರುವಷ್ಟರಲ್ಲಿ ಕಟ್ಟು ಮುಗಿದಿರುತ್ತದೆ, ಆಗ ಜಗಳವಾಗುತ್ತದೆ. ಪಶ್ಚಿಮಘಟ್ಟದ ಮಳೆನೆರಳು, ಜಲಾಶಯದ ಪೂರ್ಣಮಟ್ಟ, ಬೆಳೆ ಪದ್ಧತಿ, ನೀರಿನ ಹಂಚಿಕೆ ಎಲ್ಲವನ್ನೂ ಆರು ಸಾಲಿನಲ್ಲಿ ಅಡಗಿಸಿದ ಆ ಉತ್ತರಕ್ಕೆ ಕೆಂಪು ಶಾಯಿಯ ಸೊನ್ನೆ ಬಿದ್ದಿತ್ತು. ಸರಿಯುತ್ತರವೇನೆಂದರೆ, ಬೆಳೆಗಳಿಗೆ ಕೃತಕವಾಗಿ ನೀರು ಒದಗಿಸುವುದೇ ನೀರಾವರಿ. ಬಾವಿ, ಕಾಲುವೆ, ಕೆರೆ ಎಂದು ಮೂರು ವಿಧ. ಇದನ್ನು ಬರೆದು ಪೂರ್ತಿ ಅಂಕ ಪಡೆದ ಹುಡುಗಿಯನ್ನು, ಕಾಲುವೆ ಎಂದರೆ ಯಾವುದಮ್ಮ ಎಂದು ಕೇಳಿದೆ. ಅವಳು ಪುಟದ ಸಂಖ್ಯೆ ಹೇಳಿದಳು.

ಮೇಷ್ಟರನ್ನು ದೂರಿ ಫಲವಿಲ್ಲ. ಮೌಲ್ಯಮಾಪನದ ಮೇಜಿನ ಮೇಲೆ ಮಾದರಿ ಉತ್ತರವಿರುತ್ತದೆಯೇ ಹೊರತು ನಾಲೆಯಿರುವುದಿಲ್ಲ; ಫಲಿತಾಂಶ ಕುಸಿದರೆ ನೋಟಿಸು ಬರುವುದೂ ಅವರ ಹೆಸರಿಗೇ. ಮೇಲಾಗಿ ಅವರು ಪಾಠ ಬಿಟ್ಟ ಮೇಲೆ ಎರಡು ಎಕರೆ ಗದ್ದೆಯನ್ನೂ ನೋಡಿಕೊಳ್ಳಬೇಕು.

ಸಂಜೆ ಗಂಟೆ ಹೊಡೆದಾಗ, ಸೊನ್ನೆ ಪಡೆದ ಹುಡುಗನನ್ನು ಅವರು ಗೇಟಿನ ಬಳಿ ಮೆಲ್ಲಗೆ ಕರೆದರು.

"ಲೋ ಮಗ, ನಮ್ಮ ಗದ್ದೆ ತೂಬಿಗೆ ನಿಮ್ಮಪ್ಪ ಯಾವತ್ತು ನೀರು ಬುಡ್ತಾರಂತೆ?"

"ಮಂಗಳವಾರ ಸಾರ್. ಆದ್ರೆ ನಿಮ್ದು ಕೊನೆ ಭಾಗ. ರಾತ್ರಿ ಬಂದು ಕಾಯ್ಬೇಕು."

ಮೇಷ್ಟರು ಜೇಬಿನಿಂದ ನೀಲನಕ್ಷೆಯನ್ನು ತೆಗೆದು, ಅದರ ಬೆನ್ನಿನ ಮೇಲೆ "ಮಂಗಳವಾರ, ರಾತ್ರಿ" ಎಂದು ಬರೆದುಕೊಂಡರು.